ಹಿಂದಿನ ಚಕ್ರಕ್ಕೆ ಡಿಸ್ಕ್ ಹಾಕಿದ ಮೇಲೆ ಪೆಡಲ್ ನೆಲ ಮುಟ್ಟುತ್ತಿದೆಯಾ? ಜಿಪ್ಸಿ ಬ್ರೇಕಿನ ದೋಷ ಹುಡುಕುವ ಬಗೆ

ಹಿಂದಿನ ಚಕ್ರಗಳ ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಕೂರಿಸಿ ಬೋಲ್ಟ್ ಬಿಗಿ ಮಾಡಿದ ದಿನ ನಮ್ಮ ಮಾರುತಿ ಜಿಪ್ಸಿ ಶೆಡ್ ಬಿಟ್ಟು ಹೊರಗೆ ಬರಲೇ ಇಲ್ಲ. ಪೆಡಲ್ ಒತ್ತಿದರೆ ಕಾಲು ಸೀದಾ ಮ್ಯಾಟ್ ಮುಟ್ಟುತ್ತಿತ್ತು. ನಾಲ್ಕು ಸಲ ಬಿಟ್ಟು ಬಿಟ್ಟು ಒತ್ತಿದರೆ ಅರ್ಧಕ್ಕೆ ನಿಲ್ಲುತ್ತಿತ್ತು, ಅದೂ ನೆನೆದ ಸ್ಪಂಜು ತುಳಿದ ಹಾಗೆ. ಸಕಲೇಶಪುರದ ಜುಲೈ ಮಳೆ ತಗಡಿನ ಮೇಲೆ ಹೊಡೆಯುತ್ತಿತ್ತು. ನಾನು ಕೆಳಗೆ ಮಲಗಿ ಬ್ರೇಕಿನ ಗಾಳಿ ಬಿಡುವ ನಿಪ್ಪಲ್ ಬಿಚ್ಚೋದು, ತೋಟದ ಡ್ರೈವರ್ ಮೇಲೆ ಕೂತು ಪೆಡಲ್ ತುಳಿಯೋದು. ಹೀಗೆ ಸಂಜೆವರೆಗೂ ಏರ್ ತೆಗೆದೆವು. ಒಂದು ಲೀಟರ್ ಬ್ರೇಕ್ ಆಯಿಲ್ ಖರ್ಚಾಯಿತು. ಪೆಡಲ್ ಮಾತ್ರ ಇದ್ದಲ್ಲೇ ಇತ್ತು.

ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್ ಹೋಗಿದೆ ಅಂತ ನಾನು ತೀರ್ಮಾನ ಮಾಡಿಬಿಟ್ಟೆ. ಹೊಸದರ ರೇಟು ಕೇಳಲು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗೆ ಫೋನನ್ನೂ ಮಾಡಿದೆ. ಅಷ್ಟರಲ್ಲಿ ಡ್ರೈವರ್ ಟಾರ್ಚ್ ಹಿಡಿದು ಗಾಡಿ ಕೆಳಗೆ ಬಗ್ಗಿದ. “ಅಣ್ಣ, ಗಾಳಿ ಮೇಲಕ್ಕೆ ಹೋಗ್ತದಲ್ವಾ? ಇದರ ನಿಪ್ಪಲ್ ನೆಲ ನೋಡ್ತಾ ಇದೆ” ಅಂದ. ಡಿಸ್ಕನ್ನು ಪ್ಯಾಡುಗಳಿಂದ ಅಮುಕಿ ಹಿಡಿಯುವುದು ಕ್ಯಾಲಿಪರ್; ಎಡಗಡೆಯ ಕ್ಯಾಲಿಪರ್ ಬಲಕ್ಕೆ, ಬಲಗಡೆಯದು ಎಡಕ್ಕೆ ಕೂತಿತ್ತು. ಕೂರಿಸಿದವನು ನಾನೇ.

ಆ ಗಾಡಿಯ ಮೇಲೆ, ಆಮೇಲೆ ಸ್ನೇಹಿತರ ಎರಡು ಮೂರು ಗಾಡಿಗಳ ಮೇಲೆ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಡಿಸ್ಕ್ ಕೂರಿಸುವುದು ಹೇಗೆ ಅನ್ನುವುದು ಬೇರೆ ಕಥೆ. ಕೂರಿಸಿ ಆಗಿದೆ, ಬ್ರೇಕ್ ಸರಿಯಿಲ್ಲ, ಈಗ ಎಲ್ಲಿಂದ ಹುಡುಕಬೇಕು ಅನ್ನುವವರಿಗೆ ಇದು.

ಈ ಕೆಲಸಕ್ಕೆ ಜನ ಯಾಕೆ ಕೈ ಹಾಕುತ್ತಾರೆ ಅನ್ನುವುದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಜಿಪ್ಸಿಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ಹಳ್ಳ ದಾಟಿದರೆ ಡ್ರಮ್ಮಿನೊಳಗೆ ಕೆಸರು ನೀರು ಸೇರುತ್ತದೆ, ಬೇಗ ಹೊರಗೆ ಬರುವುದಿಲ್ಲ. ಬ್ರೇಕ್ ಶೂಗಳ ಲೈನರ್ ಜೊತೆ ಮರಳು ಅರೆದು ಅರೆದು ಡ್ರಮ್ ಗೆರೆ ಬೀಳುತ್ತದೆ. ಡಿಸ್ಕ್ ಆದರೆ ಎರಡು ಸುತ್ತು ತಿರುಗುವಷ್ಟರಲ್ಲಿ ನೀರು ಎಸೆದುಬಿಡುತ್ತದೆ. ಅಷ್ಟಕ್ಕೇ ಈ ಕೆಲಸ. ಟಾರು ರಸ್ತೆಯಲ್ಲಿ ಆಫೀಸಿಗೆ ಹೋಗಿ ಬರುವ ಕಾರಿಗೆ ಹಿಂದೆ ಡಿಸ್ಕ್ ಹಾಕಿಸುವುದು ನನ್ನ ಪ್ರಕಾರ ಸುಮ್ನೆ ದುಡ್ಡು ದಂಡ. ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ಬೀಳುತ್ತದೆ, ಹೆಚ್ಚಿನ ಕೆಲಸ ಮುಂದಿನ ಬ್ರೇಕೇ ಮಾಡುತ್ತದೆ. ಫೋಕ್ಸ್‌ವ್ಯಾಗನ್ ಕಂಪನಿಯ ಐಡಿ.4 ಅನ್ನುವ ಎಲೆಕ್ಟ್ರಿಕ್ ಕಾರಿಗೂ ಹಿಂದೆ ಡ್ರಮ್ಮೇ ಇದೆ.

ಇನ್ನೊಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆ ಆಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಆರ್‌ಟಿಓ, ಇನ್ಶೂರೆನ್ಸ್ ಎರಡರಲ್ಲೂ ತಕರಾರು ಬರಬಹುದು. ನಮ್ಮದು ಬೇಲಿಯೊಳಗೇ ಓಡುವ ಗಾಡಿ. ನಿಮ್ಮದು ರಸ್ತೆಗೆ ಇಳಿಯುವುದಾದರೆ ಮೊದಲು ವಿಚಾರಿಸಿ.

ಡ್ರಮ್ ಹೋಯಿತು, ಅದರ ಸಂಸಾರ ಉಳಿಯಿತು

ಹೊಸದಾಗಿ ಡಿಸ್ಕ್ ಹಾಕಿದ ಗಾಡಿ ತೊಂದರೆ ಕೊಟ್ಟರೆ ಎಲ್ಲರ ಕಣ್ಣೂ ಹೊಳೆಯುವ ಹೊಸ ಸಾಮಾನಿನ ಮೇಲೆ ಹೋಗುತ್ತದೆ. ಕ್ಯಾಲಿಪರ್ ಗುಜರಿಯದು, ಪ್ಯಾಡ್ ಡೂಪ್ಲಿಕೇಟು, ಹೀಗೆ. ನಾನು ನೋಡಿದ್ದರಲ್ಲಿ ಜಾಸ್ತಿ ಸಲ ತೊಂದರೆ ಇದ್ದದ್ದು ಡ್ರಮ್ಮಿಗೆ ಅಂತ ಇದ್ದು, ಬದಲಾಯಿಸದೆ ಹಾಗೇ ಬಿಟ್ಟ ಸಾಮಾನಿನಲ್ಲಿ. ಡ್ರಮ್ಮಿನ ಲೆಕ್ಕಕ್ಕೆ ಮಾಡಿದ ಮಾಸ್ಟರ್ ಸಿಲಿಂಡರ್, ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಹೋಗಬೇಕು ಅಂತ ಹಿಡಿಯುವ, ಡ್ರಮ್ಮಿನ ಲೆಕ್ಕದ ಒತ್ತಡದ ವಾಲ್ವ್, ಡ್ರಮ್ಮಿನ ಅಳತೆಯ ಹ್ಯಾಂಡ್‌ಬ್ರೇಕ್ ಕೇಬಲ್. ಹೆಂಡತಿ ತವರಿಗೆ ಹೋದರೂ ಅಡುಗೆಮನೆಯಲ್ಲಿ ಡಬ್ಬಿಗಳೆಲ್ಲ ಅವಳು ಇಟ್ಟ ಜಾಗದಲ್ಲೇ ಇರುವ ಹಾಗೆ. ಏನು ಎಲ್ಲಿದೆ ಅಂತ ಗೊತ್ತಿಲ್ಲದವನು ಕೈ ಹಾಕಿದರೆ ಸಕ್ಕರೆ ಬದಲು ಉಪ್ಪು.

ಗಾಡಿ ಕೆಳಗೆ ಹೋಗುವ ಮುಂಚೆ ಜಾಕ್ ಸ್ಟ್ಯಾಂಡ್ ಕೊಡಿ, ಮುಂದಿನ ಚಕ್ರಕ್ಕೆ ಅಡ್ಡ ಕೊಡಿ. ಬರೀ ಜಾಕ್ ನಂಬಿ ಮಲಗಬೇಡಿ. ಹಳೇ ಡ್ರಮ್ಮಿನ ಧೂಳಿಗೆ ಏರ್ ಹೊಡೆದು ಊದಬೇಡಿ, ಹಳೇ ಲೈನರುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಮೊದಲು ಕಾಲಿನಿಂದ ನೋಡಿ

ಸ್ಪ್ಯಾನರ್ ಹಿಡಿಯುವ ಮುಂಚೆ ಐದು ನಿಮಿಷ ಸೀಟಿನಲ್ಲಿ ಕೂರಿ. ಎಂಜಿನ್ ಆಫ್ ಇರಲಿ. ಪೆಡಲನ್ನು ನಾಲ್ಕೈದು ಸಲ ಒತ್ತಿ, ಕಾಲಿನ ಬಲ ಹೆಚ್ಚಿಸುವ ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಖಾಲಿ ಮಾಡಿ. ಸ್ವಲ್ಪ ಬಿಟ್ಟು ಮತ್ತೆ ನಿಧಾನಕ್ಕೆ ಒತ್ತಿ. “ಬ್ರೇಕ್ ಸರಿಯಿಲ್ಲ” ಅನ್ನುವ ಒಂದೇ ಮಾತಿನೊಳಗೆ ನಾಲ್ಕು ಬೇರೆ ಬೇರೆ ಕಾಯಿಲೆ ಇರುತ್ತವೆ. ಯಾವುದು ಅಂತ ಕಾಲಿಗೇ ಗೊತ್ತಾಗುತ್ತದೆ.

ಪೆಡಲ್ ಮೆತ್ತಗೆ, ಸ್ಪಂಜಿನ ಹಾಗೆ ಇದ್ದರೆ ಒಳಗೆ ಗಾಳಿ ಇದೆ. ಮೊದಲ ಸಲ ಆಳಕ್ಕೆ ಹೋಗಿ, ಎರಡನೇ ಮೂರನೇ ಸಲಕ್ಕೆ ಮೇಲೆ ಬಂದು ಕಲ್ಲಿನ ಹಾಗೆ ನಿಂತರೆ ಅದು ಗಾಳಿ ಅಲ್ಲ, ಪ್ಯಾಡು ಡಿಸ್ಕಿನಿಂದ ದೂರ ನಿಂತಿದೆ. ಗಟ್ಟಿಯಾಗಿ ನಿಂತ ಪೆಡಲ್ ಮೇಲೆ ಕಾಲು ಹಾಗೇ ಇಟ್ಟಾಗ ಮೆಲ್ಲಗೆ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ, ಇಲ್ಲ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ದಾಟಿ ಆಯಿಲ್ ವಾಪಸ್ ಹೋಗುತ್ತಿದೆ. ನಾಲ್ಕನೆಯದು, ಪೆಡಲ್ ಮೇಲೇ ಇದೆ, ಗಟ್ಟಿಯಾಗೂ ಇದೆ, ಗಾಡಿ ಮಾತ್ರ ನಿಲ್ಲಲ್ಲ. ಆಗ ಪೆಡಲ್ ಒತ್ತಿ ಹಿಡಿದೇ ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಕಾಲ ಕೆಳಗೆ ಸ್ವಲ್ಪ ಇಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಇಳಿಯದಿದ್ದರೆ ವ್ಯಾಕ್ಯೂಮ್ ಪೈಪ್, ಬೂಸ್ಟರ್ ನೋಡಿ. ಬೂಸ್ಟರ್ ಚೆನ್ನಾಗಿದ್ದೂ ಗಾಡಿ ನಿಲ್ಲದಿದ್ದರೆ ಪ್ಯಾಡ್ ಇನ್ನೂ ಡಿಸ್ಕಿಗೆ ಕೂತಿಲ್ಲ, ಇಲ್ಲ ಅದರ ಮೇಲೆ ಗ್ರೀಸೋ ಗೇರ್ ಆಯಿಲ್ಲೋ ಬಿದ್ದಿದೆ.

ಗೇರ್ ಆಯಿಲ್ ಯಾಕೆ ಅಂದರೆ, ಜಿಪ್ಸಿಯಂಥ ಗಟ್ಟಿ ಆಕ್ಸಲ್ ಗಾಡಿಯಲ್ಲಿ ಡ್ರಮ್ಮಿನ ಶೂಗಳನ್ನು ಹೊತ್ತ ಬ್ಯಾಕಿಂಗ್ ಪ್ಲೇಟ್ ತೆಗೆಯಬೇಕಾದರೆ ಆಕ್ಸಲ್ ಶಾಫ್ಟನ್ನೇ ಹೊರಗೆ ಎಳೆಯಬೇಕು. ಎಳೆಯುವಾಗ ಒಳಗಿನ ಆಯಿಲ್ ಸೀಲಿನ ತುಟಿ ಹರಿದುಹೋಗಬಹುದು. ಹಳೇ ಸೀಲ್ ಹಾಗೇ ಬಿಟ್ಟರೆ ಹದಿನೈದು ದಿನಕ್ಕೆ ಪ್ಯಾಡ್ ಎಣ್ಣೆ ಕುಡಿದಿರುತ್ತದೆ. ಎಣ್ಣೆ ಕುಡಿದ ಪ್ಯಾಡನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿ ಹಚ್ಚಿ, ಉಜ್ಜಿ ಮತ್ತೆ ಹಾಕುವವರನ್ನು ನೋಡಿದ್ದೇನೆ. ಬೇಡ. ಸೀಲೂ ಪ್ಯಾಡೂ ಹೊಸದು ಹಾಕಿ.

ಸ್ಪಂಜಿನ ಪೆಡಲ್

ಕ್ಯಾಲಿಪರ್ ಅದಲು ಬದಲಾದ ಕಥೆ ಆಗಲೇ ಹೇಳಿದೆ. ನಿಪ್ಪಲ್ ಕ್ಯಾಲಿಪರಿನ ತುತ್ತ ತುದಿಯಲ್ಲಿ ಇರಲೇಬೇಕು. ಕೆಳಗಿದ್ದರೆ ಆಯಿಲ್ ಬರುತ್ತದೆ, ಗಾಳಿ ಮೇಲೆ ಆರಾಮಾಗಿ ಕೂತಿರುತ್ತದೆ. ಗುಳ್ಳೆ ಬರುವುದು ನಿಂತಿತು, ಏರ್ ಹೋಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಎಡ ಬಲ ಬದಲಾಯಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಕೆಲವು ಸಲ ಎಡ ಬಲ ಸರಿ ಇದ್ದರೂ ತೊಂದರೆ ತಪ್ಪಲ್ಲ. ಲೇತ್ ಅಂಗಡಿಯಲ್ಲಿ ಮಾಡಿಸಿದ ಬ್ರಾಕೆಟ್ ಕ್ಯಾಲಿಪರನ್ನು ಆಕ್ಸಲಿನ ನೆತ್ತಿ ಮೇಲೆ ಕೂರಿಸುವ ಹಾಗೆ ಇರುತ್ತದೆ. ಸ್ಪ್ರಿಂಗ್ ಪಟ್ಟಿಗೂ ಶಾಕ್ ಅಬ್ಸಾರ್ಬರಿಗೂ ತಾಗಬಾರದು ಅಂತ ಹಾಗೆ ಮಾಡಿರುತ್ತಾರೆ. ಆಗ ನಿಪ್ಪಲ್ ಒಂದು ಪಕ್ಕಕ್ಕೆ ತಿರುಗಿ, ತುದಿಗಿಂತ ಒಂದೆರಡು ಬೆರಳು ಕೆಳಗೆ ಬರುತ್ತದೆ. ಅಷ್ಟು ಗಾಳಿ ಸಾಕು ಪೆಡಲ್ ಕೆಡಿಸಲು. ಬ್ರಾಕೆಟ್ ಬದಲಾಯಿಸಬೇಕಾಗಿಲ್ಲ. ಹೋಸ್ ಬಿಚ್ಚದೆ ಕ್ಯಾಲಿಪರನ್ನು ಮಾತ್ರ ಬಿಚ್ಚಿ, ಪ್ಯಾಡ್‌ಗಳ ನಡುವೆ ಡಿಸ್ಕಿನಷ್ಟೇ ದಪ್ಪದ ಮರದ ತುಂಡು ಇಡಿ. ನಿಪ್ಪಲ್ ಮೇಲೆ ಬರುವ ಹಾಗೆ ಕೈಯಲ್ಲಿ ಹಿಡಿದು ಏರ್ ತೆಗೆಯಿರಿ, ಆಮೇಲೆ ವಾಪಸ್ ಕೂರಿಸಿ. ಮರದ ತುಂಡು ಮರೆತು ಪೆಡಲ್ ಒತ್ತಿದರೆ ಪಿಸ್ಟನ್ ಹೊರಗೆ ಬಂದು ಕಾಲ ಮೇಲೆ ಬೀಳುತ್ತದೆ.

ಅದೂ ಆಯಿತು, ಆದರೂ ಸ್ಪಂಜು. ಆಗ ಹೋಸ್ ಕ್ಲ್ಯಾಂಪ್ ತೆಗೆದುಕೊಳ್ಳಿ. ಚಾಸಿಯಿಂದ ಹಿಂದಿನ ಆಕ್ಸಲಿಗೆ ಬರುವ ರಬ್ಬರ್ ಹೋಸನ್ನು ಅಮುಕಿ ಮುಚ್ಚಿ, ಪೆಡಲ್ ಒತ್ತಿ. ಪೆಡಲ್ ತಟ್ಟನೆ ಮೇಲೆ ಗಟ್ಟಿಯಾಗಿ ನಿಂತರೆ ಮಾಸ್ಟರ್ ಸಿಲಿಂಡರ್ ನಿರಪರಾಧಿ, ತೊಂದರೆ ಹಿಂದಿನ ಆಕ್ಸಲಿನಲ್ಲೇ ಇದೆ. ಈಗ ಎಡ ಬಲದ ಹೋಸುಗಳನ್ನು ಒಂದೊಂದಾಗಿ ಅಮುಕಿ ನೋಡಿ, ಯಾವ ಕಡೆ ಅಂತ ಸಿಗುತ್ತದೆ. ಮಧ್ಯದ್ದನ್ನು ಅಮುಕಿದಾಗಲೂ ಪೆಡಲ್ ಮೆತ್ತಗೇ ಇದ್ದರೆ ಮುಂದಿನ ಲೈನು, ಇಲ್ಲ ಮಾಸ್ಟರ್. ಈ ಒಂದು ಪರೀಕ್ಷೆ ನನಗೆ ಮೊದಲೇ ಗೊತ್ತಿದ್ದಿದ್ದರೆ ಆ ಲೀಟರ್ ಆಯಿಲ್ ಉಳಿಯುತ್ತಿತ್ತು. ಅಮುಕಲು ದುಂಡು ಬಾಯಿಯ ಕ್ಲ್ಯಾಂಪೇ ಬೇಕು. ಗ್ರಿಪ್ ಪ್ಲೈಯರಿನ ಹಲ್ಲು ಹೋಸನ್ನು ಒಳಗಿಂದ ಸೀಳುತ್ತದೆ. ಹಳೇ ಬಿರುಕು ಬಿಟ್ಟ ಹೋಸ್ ಆದರೆ ಪರೀಕ್ಷೆಯೂ ಬೇಡ, ಬದಲಾಯಿಸಿಬಿಡಿ.

ಹಿಂದಿನ ಲೈನಿನಲ್ಲಿ ಗಾಡಿಯ ಭಾರ ನೋಡಿ ಒತ್ತಡ ಬದಲಿಸುವ ಲೋಡ್ ಸೆನ್ಸಿಂಗ್ ವಾಲ್ವ್ ಇದ್ದರೆ ಅದಕ್ಕೂ ಒಂದು ನಿಪ್ಪಲ್ ಇದೆಯಾ ನೋಡಿ. ಕೆಲವಕ್ಕೆ ಇರುತ್ತದೆ. ಅದರ ಏರ್ ತೆಗೆಯದೆ ಚಕ್ರದ ಹತ್ತಿರ ಎಷ್ಟು ತೆಗೆದರೂ ಪ್ರಯೋಜನ ಇಲ್ಲ.

ಸೋರಿಕೆ ಬೇಗ ಸಿಗುತ್ತದೆ. ಹೋಸನ್ನು ಕ್ಯಾಲಿಪರಿಗೆ ಸೇರಿಸುವ ಬ್ಯಾಂಜೋ ಬೋಲ್ಟಿನಲ್ಲಿ ಎರಡೂ ಕಡೆ ತಾಮ್ರದ ವಾಷರ್ ಹೊಸದೇ ಇರಬೇಕು. ಪೈಪಿನ ತುದಿಯ ಫ್ಲೇರಿನಲ್ಲಿ, ಅಂದರೆ ಅಗಲಿಸಿದ ಬಾಯಿಯಲ್ಲಿ, ಎರಡು ಜಾತಿ. ಒಂದು ಗುಳ್ಳೆ ಆಕಾರದ್ದು, ಇನ್ನೊಂದು ಒಳಕ್ಕೆ ಮಡಚಿದ ಕೊಳವೆ ಬಾಯಿಯದು. ಒಂದರ ಜಾಗಕ್ಕೆ ಇನ್ನೊಂದನ್ನು ಕೂರಿಸಿ ಎಷ್ಟು ಬಿಗಿ ಮಾಡಿದರೂ ಅದು ಬೆವರುತ್ತಲೇ ಇರುತ್ತದೆ. ಎರಡು ಬೇರೆ ಗಾಡಿಯ ಸಾಮಾನು ಕೂಡಿಸಿದ ಕಡೆ ಈ ತಪ್ಪು ಸಾಮಾನ್ಯ.

ಮೊದಲ ಸಲ ಆಳ, ಎರಡನೇ ಸಲ ಸರಿ

ತಲೆ ಕೆಡಿಸುವುದು ಇದೇ. ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಡ್ರಮ್ಮಿನೊಳಗೆ ಶೂಗಳನ್ನು ತಳ್ಳುವುದು 19 ಮಿ.ಮೀ. ವೀಲ್ ಸಿಲಿಂಡರ್ ಅಂದುಕೊಳ್ಳಿ. ಎರಡು ಪಿಸ್ಟನ್ ಸೇರಿ ಸುಮಾರು 567 ಚದರ ಮಿ.ಮೀ. ಅದರ ಬದಲು 38 ಮಿ.ಮೀ. ಒಂದೇ ಪಿಸ್ಟನ್ನಿನ ಕ್ಯಾಲಿಪರ್ ಬಂದರೆ 1134 ಚದರ ಮಿ.ಮೀ. ಸರಿಯಾಗಿ ಎರಡರಷ್ಟು. ಪಿಸ್ಟನ್ 1 ಮಿ.ಮೀ. ಸರಿಯಬೇಕಾದರೆ ಎರಡು ಚಕ್ರ ಸೇರಿ 2.27 ಮಿಲಿಲೀಟರ್ ಆಯಿಲ್ ಹೋಗಬೇಕು. 13/16 ಇಂಚಿನ ಮಾಸ್ಟರ್ ಸಿಲಿಂಡರ್ ಅಷ್ಟು ಆಯಿಲ್ ತಳ್ಳಲು ಸುಮಾರು 6.8 ಮಿ.ಮೀ. ಒಳಗೆ ಹೋಗಬೇಕು. ಪೆಡಲಿನ ಲಿವರ್ ನಾಲ್ಕಕ್ಕೆ ಒಂದು ಅಂತ ಇಟ್ಟುಕೊಂಡರೆ ಕಾಲಿನ ಹತ್ತಿರ 27 ಮಿ.ಮೀ. ಅಂದರೆ ಪ್ಯಾಡ್ ಬರೀ 1 ಮಿ.ಮೀ. ಜಾಸ್ತಿ ದೂರ ಇದ್ದರೆ ಪೆಡಲಿನಲ್ಲಿ ಒಂದು ಇಂಚು ಸುಮ್ನೆ ಹೋಯಿತು.

ಈ ಲೆಕ್ಕ ನೋಡಿದ ತಕ್ಷಣ ದೊಡ್ಡ ಮಾಸ್ಟರ್ ಸಿಲಿಂಡರ್ ಹಾಕಿಬಿಡೋಣ ಅನ್ನಿಸುತ್ತದೆ. ಆತುರ ಬೇಡ. 13/16ರಿಂದ 7/8 ಇಂಚಿಗೆ ಹೋದರೆ ವಿಸ್ತೀರ್ಣ ಶೇ. 16ರಷ್ಟು ಜಾಸ್ತಿ. ಪೆಡಲ್ ಮೇಲೆ ಬರುತ್ತದೆ, ನಿಜ. ಆದರೆ ಅದೇ ಕಾಲಿನ ಬಲಕ್ಕೆ ಲೈನಿನ ಒತ್ತಡ ಶೇ. 14ರಷ್ಟು ಇಳಿಯುತ್ತದೆ, ಮುಂದಿನ ಬ್ರೇಕಿಗೂ ಸೇರಿ. ಮೊದಲು ಆ 1 ಮಿ.ಮೀ. ಎಲ್ಲಿಂದ ಬಂತು ನೋಡಿ. ಅದು ಸರಿಯಾದ ಮೇಲೂ ಪೆಡಲ್ ತೀರಾ ಕೆಳಗಿದ್ದರೆ ಮಾತ್ರ ದೊಡ್ಡ ಮಾಸ್ಟರ್ ಯೋಚಿಸಿ.

ಆ 1 ಮಿ.ಮೀ. ಎರಡು ಕಾರಣದಿಂದ ಬರುತ್ತದೆ. ಯಾವುದು ಅಂತ ಬೇರೆ ಮಾಡುವ ದಾರಿ ಸುಲಭ. ಗಾಡಿ ನಿಂತಲ್ಲೇ ಪೆಡಲ್ ಒತ್ತಿ ಮೇಲೆ ತನ್ನಿ. ಗಾಡಿ ಓಡಿಸದೆ ಐದು ನಿಮಿಷ ಬಿಟ್ಟು ಮತ್ತೆ ಒತ್ತಿ. ಆಗಲೂ ಆಳಕ್ಕೆ ಹೋದರೆ ಕ್ಯಾಲಿಪರ್ ಒಳಗಿನ ಅಡ್ಜಸ್ಟರ್ ಕೆಲಸ ಮಾಡುತ್ತಿಲ್ಲ. ನಿಂತಾಗ ಸರಿ ಇದ್ದು, ಕಲ್ಲು ರಸ್ತೆಯಲ್ಲಿ ಅರ್ಧ ಕಿಲೋಮೀಟರ್ ಓಡಿಸಿದ ಮೇಲೆ ಮೊದಲ ಒತ್ತು ಆಳಕ್ಕೆ ಹೋದರೆ ಡಿಸ್ಕ್ ಅಲುಗಿ ಪ್ಯಾಡನ್ನು ಹಿಂದಕ್ಕೆ ತಳ್ಳುತ್ತಿದೆ.

ಅಡ್ಜಸ್ಟರಿನ ವಿಷಯ ಮೊದಲು. ಹ್ಯಾಂಡ್‌ಬ್ರೇಕ್ ಲಿವರ್ ಇರುವ ಹಿಂದಿನ ಕ್ಯಾಲಿಪರಿನಲ್ಲಿ ಪಿಸ್ಟನ್ನಿನ ಒಳಗೆ ಒಂದು ಸ್ಕ್ರೂ ಇದೆ, ಅದೇ ಅಡ್ಜಸ್ಟರ್. ಪ್ಯಾಡ್ ಸವೆದಂತೆ ಪಿಸ್ಟನ್ನನ್ನು ಮುಂದಕ್ಕೆ ತರುವುದು ಅದರ ಕೆಲಸ. ಈ ಪಿಸ್ಟನ್ನನ್ನು ಸಿ ಕ್ಲ್ಯಾಂಪ್ ಹಾಕಿ ಒಳಗೆ ಅಮುಕಿದರೆ ಒಳಗಿನ ಭಾಗ ಮುರಿಯುತ್ತದೆ. ತಿರುಗಿಸುತ್ತಾ ಒಳಗೆ ಕಳಿಸಬೇಕು. ಹೆಚ್ಚಿನವು ಬಲಕ್ಕೆ ತಿರುಗುತ್ತವೆ, ಕೆಲವದರಲ್ಲಿ ಒಂದು ಕಡೆಯದು ಎಡಕ್ಕೆ. ಪಿಸ್ಟನ್ ಮುಖದ ಮೇಲಿನ ಕಚ್ಚಿಗೆ ಪ್ಯಾಡಿನ ಬೆನ್ನಿನ ಮೊಳೆ ಸರಿಯಾಗಿ ಕೂರಬೇಕು. ಕೂರದಿದ್ದರೆ ಪ್ಯಾಡ್ ಓರೆಯಾಗಿ ಸವೆಯುತ್ತದೆ, ಪಿಸ್ಟನ್ನೂ ತಾನೇ ತಿರುಗಿಬಿಡುತ್ತದೆ. ಎಲ್ಲಕ್ಕಿಂತ ಮುಖ್ಯ, ಹ್ಯಾಂಡ್‌ಬ್ರೇಕ್ ಬಿಟ್ಟಾಗ ಕ್ಯಾಲಿಪರಿನ ಲಿವರ್ ತನ್ನ ಸ್ಟಾಪಿಗೆ ಪೂರ್ತಿ ವಾಪಸ್ ಕೂರಬೇಕು. ಕೇಬಲ್ ಎಳೆದುಕೊಂಡಿದ್ದರೆ ಅಡ್ಜಸ್ಟರ್ ಸತ್ತ ಹಾಗೆ.

ಹಾಗಾಗಿ ಕೇಬಲನ್ನು ಪೂರ್ತಿ ಕಳಚಿ. ಬರೀ ಪೆಡಲ್ ಒತ್ತಿ ಒತ್ತಿ ಪ್ಯಾಡ್ ಹತ್ತಿರ ತನ್ನಿ. ಕ್ಯಾಲಿಪರಿನ ಲಿವರನ್ನು ಕೈಯಿಂದಲೇ ಇಪ್ಪತ್ತು ಮೂವತ್ತು ಸಲ ಆಡಿಸಿ. ಪೆಡಲ್ ಮೇಲೆ ಬಂತಾ? ಆಮೇಲೆ ಕೇಬಲ್ ಹಾಕಿ, ಸ್ವಲ್ಪ ಸಡಿಲ ಇರಲಿ. ನಾವೆಲ್ಲ ಉಲ್ಟಾ ಮಾಡುತ್ತೇವೆ. ಹ್ಯಾಂಡ್‌ಬ್ರೇಕ್ ಹಿಡಿಯಲ್ಲ ಅಂತ ಮೊದಲು ಕೇಬಲ್ ಬಿಗಿ ಮಾಡುತ್ತೇವೆ, ಅದರಿಂದ ಪೆಡಲ್ ಹಾಳಾಗುತ್ತದೆ, ಪೆಡಲ್ ಹಾಳಾಯಿತು ಅಂತ ಏರ್ ತೆಗೆಯಲು ಕೂರುತ್ತೇವೆ.

ಈಗ ಡಿಸ್ಕ್ ಅಲುಗುವ ವಿಷಯ. ಡಿಸ್ಕಿನ ಓರೆ 0.1 ಮಿ.ಮೀ. ಒಳಗೆ ಇರಬೇಕು. ಡಯಲ್ ಗೇಜ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ದಪ್ಪ ತಂತಿಯೊಂದನ್ನು ಬ್ರಾಕೆಟ್ಟಿಗೆ ಕಟ್ಟಿ, ತುದಿ ಡಿಸ್ಕಿಗೆ ಕೂದಲೆಳೆ ದೂರ ಇರುವಂತೆ ಬಗ್ಗಿಸಿ, ಚಕ್ರದ ನಟ್ಟುಗಳಿಂದ ಡಿಸ್ಕ್ ಬಿಗಿ ಮಾಡಿ ತಿರುಗಿಸಿ. ಸಂದು ಹತ್ತಿರ ದೂರ ಆಗುವುದು ಕಣ್ಣಿಗೇ ಕಾಣುತ್ತದೆ. ಕಂಡರೆ ಡಿಸ್ಕ್ ತೆಗೆದು ಅದು ಕೂರುವ ಮುಖದ ತುಕ್ಕು ಉಜ್ಜಿ. ನಮ್ಮ ಗಾಡಿಯಲ್ಲಿ ಇದ್ದದ್ದು ಬೋಲ್ಟ್ ತೂತಿನ ಪಕ್ಕ ಒಂದು ಅಕ್ಕಿ ಕಾಳಿನಷ್ಟು ತುಕ್ಕಿನ ಗಂಟು, ಅಷ್ಟೇ. ತುಕ್ಕು ಇಲ್ಲ ಅಂದರೆ ಚಕ್ರವನ್ನು ಹಿಡಿದು ಒಳಕ್ಕೆ ಹೊರಕ್ಕೆ ಅಲ್ಲಾಡಿಸಿ. ಬೇರಿಂಗ್ ಪ್ಲೇ ಇದ್ದರೆ ಕೈಗೆ ಸಿಗುತ್ತದೆ. ಬ್ರಾಕೆಟ್ ದಪ್ಪ ಹಳೇ ಬ್ಯಾಕಿಂಗ್ ಪ್ಲೇಟಿನ ದಪ್ಪಕ್ಕೆ ಹೊಂದದೆ ಇದ್ದರೂ ಬೇರಿಂಗ್ ತನ್ನ ಜಾಗದಲ್ಲಿ ಬಿಗಿಯಾಗಿ ಕೂರದೆ ಶಾಫ್ಟ್ ಆಡುತ್ತದೆ. ಡ್ರಮ್ಮಿನಲ್ಲಿ ಈ ಆಟ ಗೊತ್ತೇ ಆಗಲ್ಲ, ಡಿಸ್ಕ್ ಒಂದು ಕೂದಲೆಳೆಯನ್ನೂ ಕ್ಷಮಿಸಲ್ಲ.

ಬಿಟ್ಟರೂ ಬಿಡದ ಬ್ರೇಕ್

ಎಂಟು ಹತ್ತು ಕಿಲೋಮೀಟರ್ ಬ್ರೇಕ್ ಜಾಸ್ತಿ ಬಳಸದೆ ಓಡಿಸಿ ಬನ್ನಿ. ಡಿಸ್ಕನ್ನು ಕೈಯಿಂದ ಮುಟ್ಟಬೇಡಿ, ಬೆರಳು ಅದ್ದಿ ಎರಡು ಹನಿ ನೀರು ಹಾಕಿ. ಚುರ್ ಅಂದರೆ ಬ್ರೇಕ್ ಹಿಡಿದುಕೊಂಡಿದೆ. ನಾಲ್ಕೂ ಚಕ್ರ ನೋಡಿ.

ಮುಂದಿನವೂ ಬಿಸಿ ಇದ್ದರೆ ತೊಂದರೆ ಮೇಲಿದೆ. ಬೂಸ್ಟರಿನ ಪುಶ್ ರಾಡ್ ಉದ್ದವಾಗಿ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಪೂರ್ತಿ ವಾಪಸ್ ಬರುತ್ತಿಲ್ಲ. ಆಯಿಲ್ ಡಬ್ಬಿಗೆ ವಾಪಸ್ ಹೋಗುವ ಸಣ್ಣ ತೂತು ಮುಚ್ಚಿಯೇ ಇರುತ್ತದೆ. ಆಯಿಲ್ ಬಿಸಿಯಾದಂತೆ ಹಿಗ್ಗಿ ಬ್ರೇಕ್ ಇನ್ನೂ ಜಾಸ್ತಿ ಹಿಡಿಯುತ್ತದೆ. ಮಾಸ್ಟರ್ ಬದಲಾಯಿಸಿದವರು ಇದನ್ನೇ ಮೊದಲು ನೋಡಿ.

ಹಿಂದಿನವು ಮಾತ್ರ ಬಿಸಿ ಇದ್ದರೆ ಹಿಂದಿನ ಭಾಗ ಎತ್ತಿ, ಬ್ರೇಕ್ ಹಿಡಿದಿರುವಾಗಲೇ ಕ್ಯಾಲಿಪರಿನ ನಿಪ್ಪಲ್ ಸ್ವಲ್ಪ ತೆರೆಯಿರಿ. ಚಿಮ್ಮಿ ಆಯಿಲ್ ಬಂದು ಚಕ್ರ ಬಿಟ್ಟುಕೊಂಡಿತಾ? ಹಾಗಾದರೆ ಒಳಗೆ ಒತ್ತಡ ಉಳಿದಿದೆ. ನಿಪ್ಪಲ್ ತೆರೆದರೂ ಚಕ್ರ ಬಿಗಿಯೇ ಇದ್ದರೆ ಅದು ಆಯಿಲಿನ ವಿಷಯವಲ್ಲ. ಕೇಬಲ್, ಕ್ಯಾಲಿಪರ್ ಸರಿದಾಡುವ ಸ್ಲೈಡ್ ಪಿನ್ ತುಕ್ಕು ಹಿಡಿದಿರುವುದು, ಇಲ್ಲ ಓರೆ ಕೂತ ಬ್ರಾಕೆಟ್.

ಒತ್ತಡ ಉಳಿಯುವುದಕ್ಕೆ ಡ್ರಮ್ಮಿನ ಸಂಸಾರದ ಒಬ್ಬ ಹಳೇ ಸದಸ್ಯ ಕಾರಣ ಇರಬಹುದು. ಕೆಲವು ಹಳೇ ಗಾಡಿಗಳ ಮಾಸ್ಟರ್ ಸಿಲಿಂಡರಿನ ಹಿಂದಿನ ಔಟ್‌ಲೆಟ್ಟಿನಲ್ಲಿ ರೆಸಿಡ್ಯುಯಲ್ ವಾಲ್ವ್ ಅಂತ ಒಂದು ಚಿಕ್ಕ ರಬ್ಬರ್ ವಾಲ್ವ್ ಇರುತ್ತದೆ. ಪೆಡಲ್ ಬಿಟ್ಟ ಮೇಲೂ ಲೈನಿನಲ್ಲಿ ಸುಮಾರು 10 ಪಿಎಸ್‌ಐ ಒತ್ತಡ ಉಳಿಸುವುದು ಅದರ ಕೆಲಸ. ಡ್ರಮ್ಮಿನಲ್ಲಿ ಶೂಗಳನ್ನು ಹಿಂದಕ್ಕೆ ಎಳೆಯುವ ಗಟ್ಟಿ ಸ್ಪ್ರಿಂಗ್ ಇದೆ, ಅಷ್ಟು ಒತ್ತಡ ಲೆಕ್ಕಕ್ಕಿಲ್ಲ. ಡಿಸ್ಕಿನಲ್ಲಿ ಅಂಥ ಸ್ಪ್ರಿಂಗ್ ಇಲ್ಲ, ಪಿಸ್ಟನ್ನಿನ ಸುತ್ತಲಿನ ರಬ್ಬರ್ ಸೀಲ್ ಕೊಂಚ ತಿರುಚಿ ವಾಪಸ್ ಬರುವುದಷ್ಟೇ. 10 ಪಿಎಸ್‌ಐ ಸಾಕು ಪ್ಯಾಡ್ ಉಜ್ಜುತ್ತಾ ಇರಲು. ಎಲ್ಲ ಗಾಡಿಯಲ್ಲೂ ಈ ವಾಲ್ವ್ ಇರಲ್ಲ. ಇದ್ದರೆ ಡಿಸ್ಕ್ ಹಾಕಿದ ಮೇಲೆ ಅದಕ್ಕೆ ಅಲ್ಲಿ ಕೆಲಸವಿಲ್ಲ. ಇನ್ನೊಂದು ಕಾರಣ ಆಕ್ಸಲಿಗೆ ಹೋಗುವ ಮಧ್ಯದ ಹೋಸ್ ಒಳಗಿಂದ ಊದಿಕೊಂಡಿರುವುದು. ಇವೆರಡನ್ನೂ ಬೇರೆ ಮಾಡಲು ಮಾಸ್ಟರಿನ ಹತ್ತಿರ ಪೈಪ್ ಸಡಿಲಿಸಿ. ಅಲ್ಲಿ ಸಡಿಲಿಸಿದಾಗ ಚಕ್ರ ಬಿಟ್ಟರೆ ಮಾಸ್ಟರ್ ಅಥವಾ ವಾಲ್ವ್, ಅಲ್ಲಿ ಬಿಡದೆ ನಿಪ್ಪಲಿನಲ್ಲಿ ಮಾತ್ರ ಬಿಟ್ಟರೆ ಹೋಸ್. ಪೈಂಟ್ ಮೇಲೆ ಬ್ರೇಕ್ ಆಯಿಲ್ ಬೀಳದ ಹಾಗೆ ನೀರು, ಬಟ್ಟೆ ಹತ್ತಿರ ಇಟ್ಟುಕೊಳ್ಳಿ.

ಡಬ್ಬಿಯ ಮುಚ್ಚಳದ ರಬ್ಬರ್ ಹಿಗ್ಗಿ ಅಲೆ ಅಲೆಯಾಗಿದ್ದರೆ ಯಾರೋ ಎಂಜಿನ್ ಆಯಿಲ್ಲೋ ಸ್ಟೀರಿಂಗ್ ಆಯಿಲ್ಲೋ ಹಾಕಿದ್ದಾರೆ. ಆಗ ಹುಡುಕುವುದು ನಿಲ್ಲಿಸಿ. ಒಳಗಿನ ರಬ್ಬರ್ ಎಲ್ಲವೂ ಹೋಗಿರುತ್ತದೆ.

ಹಿಂದಿನ ಚಕ್ರ ಮೊದಲು ಲಾಕ್ ಆಗುವುದು

ಮೇಲೆ ಹೇಳಿದವು ಗಾಡಿ ನಿಲ್ಲದ, ಇಲ್ಲ ಪೆಡಲ್ ಬಿಟ್ಟರೂ ಬ್ರೇಕ್ ಬಿಡದ ತೊಂದರೆಗಳು. ಇದು ಪೆಡಲ್ ಒತ್ತಿದಾಗ ಹಿಂದಿನ ಬ್ರೇಕ್ ಅತಿಯಾಗಿ ಹಿಡಿಯುವ ತೊಂದರೆ, ಎಲ್ಲಕ್ಕಿಂತ ಅಪಾಯದ್ದೂ ಇದೇ. ಮುಂದಿನ ಚಕ್ರ ಮೊದಲು ಲಾಕ್ ಆದರೆ ಗಾಡಿ ನೇರ ಜಾರುತ್ತದೆ. ಹಿಂದಿನದು ಮೊದಲು ಲಾಕ್ ಆದರೆ ಹಿಂಭಾಗ ಸುತ್ತಿ ಮುಂದೆ ಬರುತ್ತದೆ. ಜಿಪ್ಸಿಯ ವೀಲ್‌ಬೇಸ್ 2375 ಮಿ.ಮೀ. ಮಾತ್ರ, ಗಾಡಿ ಎತ್ತರ. ಇಳಿಜಾರಿನಲ್ಲಿ ಹಿಂದಿನ ಚಕ್ರದ ಮೇಲೆ ಭಾರವೇ ಇರಲ್ಲ. ಬಿಸಿಲೆ ಘಾಟಿಯ ಒದ್ದೆ ತಿರುವಿನಲ್ಲಿ ಇದನ್ನು ಕಂಡುಹಿಡಿಯಲು ಹೋಗಬೇಡಿ.

ಖಾಲಿ ಮೈದಾನ ಹುಡುಕಿ. ಟೈರಿನ ಪಕ್ಕಕ್ಕೆ ಸೀಮೆಸುಣ್ಣದಿಂದ ದಪ್ಪ ಗೆರೆ ಎಳೆಯಿರಿ, ಮುಂದೆ ಒಂದು ಹಿಂದೆ ಒಂದು. ಒಬ್ಬರು ದೂರದಲ್ಲಿ ಪಕ್ಕಕ್ಕೆ ನಿಂತು ನೋಡಲಿ, ಮೊಬೈಲಿನಲ್ಲಿ ವಿಡಿಯೋ ತೆಗೆದರೆ ಇನ್ನೂ ಒಳ್ಳೆಯದು. 30 ಕಿಲೋಮೀಟರ್ ವೇಗದಲ್ಲಿ ಜೋರಾಗಿ ಬ್ರೇಕ್ ಒತ್ತಿ. ಯಾವ ಗೆರೆ ಮೊದಲು ನಿಂತಿತು?

ಒಂದು ವಿಷಯ ನಮಗೆ ಹೊಳೆದದ್ದು ತಡವಾಗಿ. ಫೋರ್ ವೀಲ್ ಹಾಕಿಕೊಂಡು ಈ ಪರೀಕ್ಷೆ ಮಾಡಬೇಡಿ. ಆಗ ಮುಂದಿನ ಆಕ್ಸಲೂ ಹಿಂದಿನದೂ ಟ್ರಾನ್ಸ್‌ಫರ್ ಕೇಸಿನಲ್ಲಿ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ, ಹಿಂದಿನದೊಂದೇ ಲಾಕ್ ಆಗಲು ಬಿಡಲ್ಲ. ಕೆಸರಿನ ಮೈದಾನ ಅಂತ ನಾವು ಫೋರ್ ವೀಲಿನಲ್ಲೇ ಓಡಿಸಿ, ಎಲ್ಲ ಸರಿ ಅಂತ ಖುಷಿಪಟ್ಟೆವು. ಮಾರನೇ ದಿನ ಟೂ ವೀಲಿನಲ್ಲಿ ಗಾಡಿ ಅಡ್ಡ ತಿರುಗಿತು.

ಕಾರಣ ಬಹುಪಾಲು ಒತ್ತಡದ ವಾಲ್ವಿನಲ್ಲಿ. ಡ್ರಮ್ಮಿನಲ್ಲಿ ಒಂದು ಶೂ ತಿರುಗುವ ಡ್ರಮ್ಮಿನ ಜೊತೆಗೆ ತಾನೇ ಇನ್ನೂ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಡಿಸ್ಕಿಗೆ ಆ ಗುಣ ಇಲ್ಲ, ಅದನ್ನು ಪಿಸ್ಟನ್ ಗಾತ್ರದಿಂದ ತುಂಬಬೇಕು. ಗುಜರಿಯಲ್ಲಿ ಸಿಕ್ಕ ಕ್ಯಾಲಿಪರಿನ ಪಿಸ್ಟನ್ ದೊಡ್ಡದಿದ್ದರೆ ಹಿಂದೆ ಬ್ರೇಕ್ ಜಾಸ್ತಿ, ಚಿಕ್ಕದಿದ್ದರೆ ಕಮ್ಮಿ. ಹಳೇ ವಾಲ್ವಿಗೆ ಈ ಬದಲಾವಣೆ ಗೊತ್ತಿಲ್ಲ, ಅದು ಡ್ರಮ್ಮಿನ ಲೆಕ್ಕದಲ್ಲೇ ಆಯಿಲ್ ಕೊಡುತ್ತದೆ. ಲೋಡ್ ಸೆನ್ಸಿಂಗ್ ವಾಲ್ವ್ ಆದರೆ ಅದರ ಸ್ಪ್ರಿಂಗ್ ಕಡ್ಡಿ ಆಕ್ಸಲಿಗೆ ಕಟ್ಟಿರುತ್ತದೆ. ಹಿಂದೆ ಭಾರ ಬಿದ್ದು ಬಾಡಿ ತಗ್ಗಿದರೆ ಬ್ರೇಕ್ ಜಾಸ್ತಿ ಕೊಡುತ್ತದೆ. ಗಾಡಿಗೆ ಲಿಫ್ಟ್ ಮಾಡಿಸಿದ್ದರೆ ಬಾಡಿ ಯಾವಾಗಲೂ ಮೇಲೇ, ವಾಲ್ವ್ ಗಾಡಿ ಖಾಲಿ ಅಂತಲೇ ತಿಳಿಯುತ್ತದೆ. ಆಗ ಹಿಂದಿನ ಡಿಸ್ಕಿಗೆ ಒತ್ತಡವೇ ಸರಿಯಾಗಿ ಹೋಗಲ್ಲ. ಅದನ್ನು ಕಿತ್ತು ನೇರ ಪೈಪ್ ಕೊಟ್ಟರೆ ಪೂರ್ತಿ ಒತ್ತಡ ಹೋಗಿ ಲಾಕ್.

ತಿರುಪು ಇರುವ ಅಡ್ಜಸ್ಟಬಲ್ ವಾಲ್ವ್ ಹಾಕುವುದು ಸರಿಯಾದ ದಾರಿ. ಆದರೆ ಹಳೆಯದನ್ನು ತೆಗೆದು ಹಾಕಿ. ಎರಡನ್ನೂ ಒಂದೇ ಲೈನಿನಲ್ಲಿ ಇಟ್ಟರೆ ಯಾವ ತಿರುಪು ಏನು ಮಾಡುತ್ತಿದೆ ಅಂತ ಯಾರಿಗೂ ತಿಳಿಯಲ್ಲ. ಹೊಸದನ್ನು ಮೊದಲು ಹಿಂದಿನ ಒತ್ತಡ ತೀರಾ ಕಮ್ಮಿ ಇರುವ ಕಡೆಗೆ ತಿರುಗಿಸಿ, ಆಮೇಲೆ ಅರ್ಧ ಅರ್ಧ ಸುತ್ತು ಏರಿಸುತ್ತಾ ಬನ್ನಿ. ಹಿಂದಿನ ಗೆರೆ ಮೊದಲು ನಿಂತ ಕೂಡಲೇ ಒಂದು ಸುತ್ತು ವಾಪಸ್. ಡ್ರೈವರ್ ಒಬ್ಬನೇ ಇದ್ದಾಗ ಇದನ್ನು ಮಾಡಿ, ಹಿಂದೆ ಗೊಬ್ಬರದ ಚೀಲ ತುಂಬಿಕೊಂಡು ಅಲ್ಲ. ಹೊಸ ಪ್ಯಾಡಾದರೆ ಮೊದಲು 60ರಿಂದ 20ಕ್ಕೆ ಎಂಟು ಹತ್ತು ಸಲ ವೇಗ ಇಳಿಸಿ, ನಡುವೆ ಆರಲು ಬಿಟ್ಟು ಪ್ಯಾಡ್ ಕೂರಿಸಿಕೊಳ್ಳಿ. ಇಲ್ಲದಿದ್ದರೆ ಇವತ್ತಿನ ಅಡ್ಜಸ್ಟ್‌ಮೆಂಟ್ ಮುಂದಿನ ವಾರಕ್ಕೆ ಸುಳ್ಳಾಗುತ್ತದೆ.

ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇರುವ ಕಾರಿನಲ್ಲಿ ಈ ತಿರುಪಿನ ಆಟ ನಡೆಯಲ್ಲ. ಹಿಂದೆ ಎಷ್ಟು ಒತ್ತಡ ಬಿಡಬೇಕು ಅನ್ನುವುದನ್ನು ಕಂಪನಿ ಡ್ರಮ್ಮಿಗೆ ತಕ್ಕ ಹಾಗೆ ಕಂಪ್ಯೂಟರಿನಲ್ಲೇ ಬರೆದಿರುತ್ತದೆ. ಅಂಥ ಕಾರಿಗೆ ಗುಜರಿ ಡಿಸ್ಕ್ ಹಾಕಬೇಡಿ.

ಹೋಸ್, ಸದ್ದು, ಹ್ಯಾಂಡ್‌ಬ್ರೇಕ್

ಬಾಡಿ ಎತ್ತಿ ಆಕ್ಸಲ್ ಪೂರ್ತಿ ಕೆಳಗೆ ಜೋಲುವ ಹಾಗೆ ಮಾಡಿ, ಹೋಸ್ ಬಿಗಿಯಾಗುತ್ತದಾ ನೋಡಿ. ಒಂದು ಕಡೆಯ ಸ್ಪ್ರಿಂಗ್ ಪಟ್ಟಿ ಪೂರ್ತಿ ಅಮುಕಿ ಇನ್ನೊಂದು ಜೋಲಿದಾಗಲೂ ನೋಡಿ. ಟೈರಿಗೆ ಉಜ್ಜಿದ ಗುರುತು ಇದ್ದರೆ ಇವತ್ತೇ ದಾರಿ ಬದಲಿಸಿ. ಸುತ್ತಿಗೊಮ್ಮೆ ಬರುವ ಸದ್ದು ಡಿಸ್ಕಿನ ಓರೆ, ಸತತ ಬರುವ ಸದ್ದು ಕ್ಯಾಲಿಪರ್ ಬ್ರಾಕೆಟ್ಟಿನ ನಡುವೆ ಡಿಸ್ಕ್ ಮಧ್ಯಕ್ಕೆ ಬಂದಿಲ್ಲ. ತೆಳ್ಳನೆ ವಾಷರ್ ಹಾಕಿ ಮಧ್ಯಕ್ಕೆ ತನ್ನಿ. ಒಂದು ತುದಿ ದಪ್ಪ ಇನ್ನೊಂದು ತುದಿ ತೆಳುವಾಗಿ ಸವೆದ ಪ್ಯಾಡ್ ಸಿಕ್ಕರೆ ಬ್ರಾಕೆಟ್ ಓರೆ ಇದೆ. ಅದನ್ನು ವಾಷರಿನಿಂದ ಮುಚ್ಚಬೇಡಿ, ಲೇತ್ ಅಂಗಡಿಗೆ ವಾಪಸ್ ಕಳಿಸಿ.

ಉಳಿದದ್ದು ಹ್ಯಾಂಡ್‌ಬ್ರೇಕ್. ಲಿವರ್ ಪೂರ್ತಿ ಮೇಲೆ ಬಂದರೂ ಗಾಡಿ ಹಿಂದಕ್ಕೆ ಜಾರುತ್ತದೆ ಅಂದರೆ ಮೊದಲು ಅಡ್ಜಸ್ಟರ್, ಅದನ್ನು ಮೇಲೆ ಹೇಳಿದ ಹಾಗೆ ಸರಿ ಮಾಡಿ. ಆಮೇಲೂ ಜಾರಿದರೆ ಒಬ್ಬರು ಒಳಗೆ ಲಿವರ್ ಎಳೆಯಲಿ, ನೀವು ಕೆಳಗಿಂದ ಕ್ಯಾಲಿಪರಿನ ಲಿವರ್ ಎಷ್ಟು ತಿರುಗುತ್ತದೆ ನೋಡಿ. ಡ್ರಮ್ಮಿನ ಕೇಬಲಿನ ಉದ್ದ, ಅದು ಎಳೆಯುವ ದೂರ ಎರಡೂ ಬೇರೆ. ಕ್ಯಾಲಿಪರಿನ ಲಿವರ್ ಅರ್ಧಕ್ಕೇ ನಿಂತರೆ ಎಳೆತ ಸಾಲದು, ಆ ಕ್ಯಾಲಿಪರ್ ಬಂದ ಗಾಡಿಯ ಕೇಬಲ್ಲೇ ಬೇಕು. ಎರಡು ಕಡೆಯೂ ಸಮ ತಿರುಗುತ್ತಿದ್ದು, ಪೂರ್ತಿ ತಿರುಗುತ್ತಿದ್ದು, ಆದರೂ ಜಾರಿದರೆ ಹುಡುಕಲು ಇನ್ನೇನೂ ಇಲ್ಲ. ತಾನೇ ಕಚ್ಚಿಕೊಳ್ಳುವ ಡ್ರಮ್ಮಿನ ಹಾಗೆ ಈ ಚಿಕ್ಕ ಪ್ಯಾಡ್ ಹಿಡಿಯಲ್ಲ. ನಾವು ಎಲ್ಲ ಮಾಡಿ ನೋಡಿದೆವು. ಸಮತಟ್ಟಿನಲ್ಲಿ ಚೆನ್ನಾಗಿ ನಿಲ್ಲುತ್ತದೆ. ತೋಟದ ಮೇಲಿನ ಏರಿನಲ್ಲಿ ನಿಲ್ಲಿಸುವಾಗ ಗೇರಿನಲ್ಲಿ ಬಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಡ್ರೈವರ್ ಇಳಿದು ಹಿಂದಿನ ಚಕ್ರಕ್ಕೆ ಒಂದು ಕಲ್ಲನ್ನೂ ಇಡುತ್ತಾನೆ. ಆ ಕಲ್ಲು ಈಗ ಗಾಡಿಯ ಟೂಲ್ ಬಾಕ್ಸಿನಲ್ಲೇ ಇರುತ್ತದೆ.